ಕಂಡವರನ್ನು ಹುಡುಕುವ ‘ನೋಡಿದ್ರಾ ಅಕ್ಕ’

ಬೀದಿದೀಪಗಳು ಇನ್ನೂ ಆರಿಲ್ಲ. ನಾಲ್ಕು ರಸ್ತೆ ಕೂಡುವ ಮೂಲೆಯಲ್ಲಿ, ಮುಚ್ಚಿದ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಆಕೆ ಕೂತಿದ್ದಾರೆ. ಹಾಲಿನ ವ್ಯಾನಿನವನು ಬಂದರೆ ಎದ್ದು ಹೋಗಿ ಮಾತನಾಡಿಸುತ್ತಾರೆ. ರಸ್ತೆ ಗುಡಿಸುವಾಕೆಯನ್ನೂ ಬಿಡುವುದಿಲ್ಲ. ಕೇಳುವುದು ಒಂದೇ ಪ್ರಶ್ನೆ: "ಮೊನ್ನೆ ಇಲ್ಲಿ ಸ್ಕೂಟರಿಗೆ ಕಾರು ಗುದ್ದಿತಲ್ಲ, ನೀವು ನೋಡಿದ್ರಾ?" ಇವತ್ತು ಇನ್ನೂ ಯಾರೂ ಹೌದೆಂದಿಲ್ಲ.

ಹಾಗೆ ಕೇಳಿ ಕೇಳಿಯೇ ಆಕೆಗೆ ‘ನೋಡಿದ್ರಾ ಅಕ್ಕ’ ಎಂಬ ಹೆಸರು ಅಂಟಿಕೊಂಡಿದೆ. ಅಪಘಾತದ ಮೊಕದ್ದಮೆಗಳನ್ನಷ್ಟೇ ನಡೆಸುವ ವಕೀಲೆಯೊಬ್ಬರ ಕಚೇರಿಯಲ್ಲಿ ಕೆಲಸ. ಫೋನ್ ನೋಡುತ್ತಾ ಗಾಡಿ ಓಡಿಸಿದವರು ಒಪ್ಪಿಕೊಳ್ಳುವುದು ಅಪರೂಪ. ಡಿಕ್ಕಿಯಾದ ಕೂಡಲೇ ಫೋನ್ ಜೇಬು ಸೇರುತ್ತದೆ, ತಪ್ಪೆಲ್ಲ ಪೆಟ್ಟು ತಿಂದವರ ತಲೆಗೆ ಬರುತ್ತದೆ. ಫೋನ್ ಕಂಪನಿಯಿಂದ ದಾಖಲೆ ತರಿಸಿದರೆ ಕರೆ ಬಂದದ್ದು ಗೊತ್ತಾಗಬಹುದು. ಚಾಲಕನ ಕಣ್ಣು ಎಲ್ಲಿತ್ತು ಎಂದು ಹೇಳಲು ಕಂಡವರೇ ಬೇಕು. "ಮುಂಜಾನೆ ಓಡಾಡೋರು ದಿನಾ ಅದೇ ಹೊತ್ತಿಗೆ, ಅದೇ ದಾರೀಲಿ ಹೋಗ್ತಾರೆ. ಅಪಘಾತ ಆದ ಹೊತ್ತಿಗೇ ಬಂದು ಕೂತ್ರೆ ಒಬ್ಬರಾದ್ರೂ ಸಿಗ್ತಾರೆ," ಎನ್ನುತ್ತಾರೆ ಅಕ್ಕ.

ಮೊದಲು ಆಕೆಗೆ ಚಹಾದಂಗಡಿ ಇತ್ತು. ಅಂಗಡಿಯೆದುರೇ ಶಿಕ್ಷಕಿಯೊಬ್ಬರಿಗೆ ಗಾಡಿ ಬಡಿದಾಗ, ಕಂಡದ್ದನ್ನು ಹೇಳಲು ನ್ಯಾಯಾಲಯಕ್ಕೆ ಹೋದರು. "ಗಾಬರೀಲಿ ಚಪ್ಪಲಿ ಎಲ್ಲೋ ಬಿಟ್ಟು ಬರಿಗಾಲಲ್ಲಿ ಮನೆಗೆ ಬಂದೆ," ಎಂದು ನಗುತ್ತಾರೆ. ಹೇಳಿದ್ದರಲ್ಲಿ ಮಾತ್ರ ಒಂದಿಷ್ಟೂ ಹೆಚ್ಚುಕಡಿಮೆಯಾಗಲಿಲ್ಲ. ಶಿಕ್ಷಕಿಯ ಪರ ವಾದಿಸಿದ ವಕೀಲೆ ಆಮೇಲೆ ಅಂಗಡಿಗೇ ಬಂದರಂತೆ: "ನಮ್ಮಲ್ಲಿ ಕೆಲಸಕ್ಕೆ ಬರ್ತೀರಾ? ಹೆದರೋರ ಪಕ್ಕ ನಿಲ್ಲೋಕೆ ಹೆದರಿ ಗೊತ್ತಿರೋರು ಬೇಕು."

ಕಳೆದ ವರ್ಷದ ದರ್ಜಿಯ ಪ್ರಕರಣ ಕೇಳಿದರೆ ಈ ಕೆಲಸದ ಕಷ್ಟ ತಿಳಿಯುತ್ತದೆ. ರಸ್ತೆ ದಾಟುತ್ತಿದ್ದ ದರ್ಜಿಯ ಬಲಗಾಲು ಕಾರಿನಡಿ ನುಜ್ಜಾಯಿತು. ಕುಡಿದು ತೂರಾಡುತ್ತಾ ಅಡ್ಡ ಬಂದ ಎಂದು ಕಾರಿನವರು ಪೊಲೀಸರಲ್ಲಿ ಬರೆಸಿದರು. ದರ್ಜಿಯೋ ಹುಟ್ಟಿದಾಗಿನಿಂದ ಒಂದು ಹನಿ ಹೆಂಡ ಮುಟ್ಟಿದವರಲ್ಲ. "ಕಾಲಿನ ನೋವಿಗಿಂತ ಆ ಮಾತಿಗೇ ಅವರು ಕುಗ್ಗಿಹೋದ್ರು. ಗಿರಾಕಿಗಳ ಮುಖ ನೋಡ್ತಿರಲಿಲ್ಲ," ಎನ್ನುತ್ತಾರೆ ದರ್ಜಿಯ ಹೆಂಡತಿ.

ಅಕ್ಕನಿಗೆ ಕೊನೆಗೂ ಒಬ್ಬರು ಸಿಕ್ಕರು: ಮುಂಜಾನೆಯ ಬಸ್ಸಿನ ಚಾಲಕ. ಎತ್ತರದ ಸೀಟಿನಿಂದ ಎಲ್ಲವನ್ನೂ ಕಂಡಿದ್ದರು. ಆದರೆ ನ್ಯಾಯಾಲಯ ಎಂದೊಡನೆ ಹಿಂದೆ ಸರಿದರು. "ನ... ನಂಗೆ ಮಾತು ತೊದಲುತ್ತೆ ಅಕ್ಕಾ. ಅಲ್ಲಿ ತಡವರಿಸಿದ್ರೆ ಸುಳ್ಳು ಹೇಳ್ತಿದಾನೆ ಅಂತಾರೆ."

ಅಕ್ಕ ಒತ್ತಾಯಿಸಲಿಲ್ಲ. ನಿಮ್ಮ ರಜೆಯ ದಿನ ಬನ್ನಿ, ನ್ಯಾಯಾಲಯ ನೋಡಿ ಬರೋಣ ಎಂದು ಕರೆದೊಯ್ದರು. ನಿಲ್ಲುವ ಕಟಕಟೆ, ಕುಡಿಯುವ ನೀರಿನ ನಲ್ಲಿ ತೋರಿಸಿದರು. "ಏನು ಹೇಳಬೇಕು ಅಂತ ನಾನು ಯಾರಿಗೂ ಹೇಳಿಕೊಡಲ್ಲ. ಕಂಡದ್ದು ಅವರದು," ಎನ್ನುತ್ತಾರೆ. ತೊದಲಿನ ಬಗ್ಗೆ ಚಾಲಕರಿಗೆ ಹೇಳಿದ್ದು ಇಷ್ಟೇ: "ಅಲ್ಲಿ ಟೈಪ್ ಮಾಡೋರಿಗೂ ಟೈಮ್ ಬೇಕಲ್ಲಪ್ಪಾ. ನೀವು ನಿಧಾನಕ್ಕೆ ಹೇಳಿದ್ರೆ ಅವರಿಗೇ ಉಪಕಾರ."

ಚಾಲಕರು ನಕ್ಕರು. ಬರುತ್ತೇನೆಂದರು.

ವಿಚಾರಣೆಯ ದಿನ ಎದುರು ಪಕ್ಷದ ವಕೀಲರು ಬೇಗ ಬೇಗ ಎಂದು ಅವಸರಿಸಿದರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, "ಅವರು ಮುಗಿಸಲಿ," ಎಂದರು. ಚಾಲಕರು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. "ಕಾ... ಕಾರಿನವರ ತಲೆ ಬಗ್ಗಿತ್ತು. ತೊಡೆ ಮೇಲೆ ಫೋನ್ ಬೆಳಗ್ತಿತ್ತು. ಈ ಯಜಮಾನರು ನೆಟ್ಟಗೆ ನಡೆದು ಬರ್ತಿದ್ರು." ಹಿಂದಿನ ಸಾಲಿನಲ್ಲಿದ್ದ ದರ್ಜಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ತಪ್ಪು ಕಾರಿನವರದೇ ಎಂದು ತೀರ್ಪಾಯಿತು, ಪರಿಹಾರವೂ ಬಂತು. ಕಾಲು ಮೊದಲಿನಂತಾಗಲಿಲ್ಲ, ಮೋಟಾರಿನ ಹೊಲಿಗೆ ಯಂತ್ರವನ್ನು ದರ್ಜಿ ಈಗ ಎಡಗಾಲಲ್ಲಿ ಒತ್ತಿ ನಡೆಸುತ್ತಾರೆ. ಗಿರಾಕಿಗಳೊಡನೆ ಅಳತೆಗಿಂತ ಮಾತೇ ಜಾಸ್ತಿ ಎಂದು ಹೆಂಡತಿಯ ದೂರು.

ಎಲ್ಲವೂ ಹೀಗೆ ಮುಗಿಯುವುದಿಲ್ಲ. ಊರ ಉಸಾಬರಿ ನಮಗ್ಯಾಕೆ ಎಂದು ಬಾಗಿಲು ಹಾಕಿಕೊಳ್ಳುವವರೇ ಹೆಚ್ಚು. ಅವರ ಮೇಲೆ ಅಕ್ಕನಿಗೆ ಸಿಟ್ಟಿಲ್ಲ. ಒಂದು ಆಸೆ ಮಾತ್ರ ಇದೆ.

"ಸಾಕ್ಷಿ ಹೇಳೋಕೆ ಬಂದೋರು ಕರೆಯೋ ತನಕ ಪಡಸಾಲೇಲಿ ನಿಂತೇ ಇರ್ತಾರೆ. ಕೆಲಸ ಬಿಟ್ಟು ಬಂದಿರ್ತಾರೆ, ಯಾರದೋ ನೋವಿಗೆ ಬಂದಿರ್ತಾರೆ. ಅವರಿಗೊಂದು ಬೆಂಚು ಹಾಕಿಸಿದ್ರೆ ಸಾಕು. ಬೆನ್ನು ಆನಿಸೋ ಹಾಗಿರಲಿ. ಮನೆಗೆ ಬಂದ ನೆಂಟರನ್ನ ನಿಲ್ಲಿಸಿ ಮಾತಾಡಿಸ್ತೀವಾ ನಾವು?"