ಮಕಬೂಲಸಾಬರ ಮುಕ್ಕಾಲು ತಾಸಿನ ಸಾಲು

ಹುಬ್ಬಳ್ಳಿ ಸ್ಟೇಷನ್ ಹತ್ತಿರ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಮಕಬೂಲಸಾಬರು ಪ್ರತಿ ಗುರುವಾರ ದರ್ಗಾದಲ್ಲಿ ಕವ್ವಾಲಿ ಹಾಡುತ್ತಿದ್ದರು. ಸಾವಿರದ ಒಂಬೈನೂರ ಮೂವತ್ತಾರರಲ್ಲಿ ನಮ್ಮ ಚರ್ಚಿನ ಕಾಲುಪೆಟ್ಟಿಗೆ, ಅಂದರೆ ಕಾಲಿನಿಂದ ಗಾಳಿ ತುಳಿದು ನುಡಿಸುವ ಹಾರ್ಮೋನಿಯಂ, ರಿಪೇರಿಗೆ ಬಂದವರು ಅದರ ನಾದಕ್ಕೆ ಎಷ್ಟು ಮರುಳಾದರೆಂದರೆ, ಆ ಪೆಟ್ಟಿಗೆ ಬಿಟ್ಟು ಮನೆಗೆ ಹೋಗಲು ಮನಸ್ಸೇ ಬರಲಿಲ್ಲ! ಚರ್ಚಿನಲ್ಲಿ ಅದನ್ನು ನುಡಿಸುವವರೂ ಇರಲಿಲ್ಲ. ಅದಕ್ಕೆ ನಮ್ಮ ಚರ್ಚಿನ ಫಾದರ್ ಬಸ್ತ್ಯಾಂವ ಅವರಿಗೇ ಸಾವಿರ ವರ್ಷ ಹಳೆಯ ಲ್ಯಾಟಿನ್ ಪೂಜೆಯ ಹಾಡು ಕಲಿಸಿದರು. ಮಕಬೂಲಸಾಬರು ಒಮ್ಮೆ ಕೇಳಿ, "ಇದು ನಮ್ಮ ಭೈರವಿಗೆ ಬೀಗತಿ ಆಗಬೇಕ್ರಿ!" ಎಂದರು.

"ತಾಳ ಹಾಕಬ್ಯಾಡ್ರಿ. ಪುಣೆಯಿಂದ ದೊಡ್ಡ ಫಾದರ್ ಬರ್ತಾರ. ಅವರು ಒಪ್ಪಿದರ ಪೆಟ್ಟಿಗಿ ನಿಮ್ಮ ಕೈಯಾಗ. ಇಲ್ಲಂದ್ರ ನುಡಸಾಕ ಬೆಳಗಾವಿಯವರನ್ನ ಕರಸ್ತೇನಿ," ಎಂದರು ಫಾದರ್ ಬಸ್ತ್ಯಾಂವ.

ದೊಡ್ಡ ಫಾದರ್ ಬಂದ ಭಾನುವಾರ ನಾನು ಎರಡನೇ ಬೆಂಚಿನಲ್ಲೇ ಇದ್ದೆ! 'ಪ್ರಭುವೇ ಕರುಣಿಸು' ಎಂಬರ್ಥದ ಮೊದಲ ಸಾಲು ಎದ್ದಿತು. ರೈಲಿನಲ್ಲಿ ರಾತ್ರಿಯಿಡೀ ಕೂತು ಬಂದಿದ್ದ ದೊಡ್ಡ ಫಾದರ್ ಕಣ್ಣು ಮುಚ್ಚಿದರು, ಮೆಲ್ಲಗೆ ತಲೆ ತೂಗಿದರು. ಅಷ್ಟೇ! ಕೇಳುವವರು ಮೈಮರೆತರೆ ಅವರಿಗೆ ಎಚ್ಚರವಾಗುವವರೆಗೆ ಸಾಲು ಬದಲಿಸಬಾರದು. ಅದು ಕವ್ವಾಲಿಯ ಕಟ್ಟಳೆ. ಮಕಬೂಲಸಾಬರು ಅದೇ ಸಾಲನ್ನು ಹಿಡಿದರು. ಹತ್ತು ಸಲ. ಐವತ್ತು ಸಲ. ಹಿಂದಿನ ಬೆಂಚಿನ ರೈಲ್ವೆ ಫಿಟ್ಟರುಗಳು ಚಪ್ಪಾಳೆ ಶುರು ಮಾಡಿದರು. ಪೂಜೆ ಮುಂದೆ ಸಾಗಲೊಲ್ಲದು!

ಫಾದರ್ ಬಸ್ತ್ಯಾಂವ ಓಡಿಬಂದು ಪಿಸುಗುಟ್ಟಿದರು, "ಸಾಕು ಮಾಡ್ರಿ!"

ಸಾಲಿನ ನಡುವೆ ಉಸಿರು ಎಳೆದುಕೊಳ್ಳುತ್ತ ಮಕಬೂಲಸಾಬರೂ ಪಿಸುಗುಟ್ಟಿದರು, "ಹ್ಯಾಂಗ ಬಿಡ್ಲಿ ಫಾದರ್? ದೊಡ್ಡವರು ಮೈಮರತಾರ. ನಡಕ ಬಿಟ್ರ ಜೀವ ಅಲ್ಲೇ ಸಿಕ್ಕೋತೈತಿ!"

"ಎಲ್ಲೀ ಮೈಮರವು? ನಿದ್ದಿ ಹೊಡ್ಯಾಕತ್ತಾರ! ಗೊರಕಿ ಕೇಳ್ರಿ!"

"ಅದು ಷಡ್ಜ ರೀ. ನನ್ನ ಶ್ರುತಿಗೆ ಬರೋಬ್ಬರಿ ಕೂಡೇತಿ."

ಮುಕ್ಕಾಲು ತಾಸು! ಮಕ್ಕಳು ಹಸಿದು ಅಳತೊಡಗಿದವು, ಮಕಬೂಲಸಾಬರು ಕಾಲು ಬದಲಿಸಿ ಬದಲಿಸಿ ಪೆಟ್ಟಿಗೆ ತುಳಿದರು. ಬೆಳಗಾವಿಗೆ ಬರೆಯಬೇಕಾದ ಪತ್ರ ಫಾದರ್ ಬಸ್ತ್ಯಾಂವರ ಮುಖದ ಮೇಲೆಯೇ ಕಾಣುತ್ತಿತ್ತು. ಕೊನೆಗೆ ಒಬ್ಬ ಫಿಟ್ಟರು ಜೋರಾಗಿ ಚಪ್ಪಾಳೆ ತಟ್ಟಿದ ಹೊಡೆತಕ್ಕೆ ದೊಡ್ಡ ಫಾದರ್ ಕಣ್ಣು ಬಿಟ್ಟರು. ಕಣ್ಣು ಮುಚ್ಚಿದಾಗ ಕೇಳಿದ್ದ ಸಾಲೇ ಈಗಲೂ ಕಿವಿಗೆ ಬಿತ್ತು. ತಾವು ಮಲಗಿಯೇ ಇಲ್ಲವೆಂದು ಅವರಿಗೆ ಪೂರಾ ಖಾತ್ರಿಯಾಯಿತು! ಮಕಬೂಲಸಾಬರು ನಿಟ್ಟುಸಿರು ಬಿಟ್ಟು ಉಳಿದದ್ದನ್ನು ಎರಡೇ ನಿಮಿಷದಲ್ಲಿ ಮುಗಿಸಿದರು.

ಪೂಜೆಯಾದ ಮೇಲೆ ದೊಡ್ಡ ಫಾದರ್ ಮಕಬೂಲಸಾಬರ ಒಂದು ಕೈ ಹಿಡಿದು, "ಎಷ್ಟ್ ಚೊಕ್ಕ ರೀ! ಒಂದಿಷ್ಟೂ ಎಳೀಲಿಲ್ಲ. ಬಸ್ತ್ಯಾಂವ, ಇವರನ್ನ ಬಿಡಬ್ಯಾಡ್ರಿ," ಎಂದರು. ಆಮೇಲೆ ಗೋಡೆಯತ್ತ ನೋಡಿ, "ಆ ಗಡಿಯಾರ ಒಂದು ರಿಪೇರಿ ಮಾಡಸ್ರಿ. ಮುಕ್ಕಾಲು ತಾಸು ಮುಂದ ಓಡೇತಿ."

"ನಾನೇ ಮಾಡ್ತೇನ್ರಿ," ಎಂದರು ಮಕಬೂಲಸಾಬರು, ಪೆಟ್ಟಿಗೆಯ ಮೇಲಿದ್ದ ಇನ್ನೊಂದು ಕೈ ತೆಗೆಯದೆ.