ತೆಮೆಯಕ್ಕನ ಅಣ್ಣ ಆಡಿದ ಮಾತು

ರೋಮಿನ ಸುಬುರಾ ಕೇರಿಯಲ್ಲಿ ನಾನು ಬಟ್ಟೆ ತೊಳೆಯುವ ಕೆಲಸಕ್ಕೆ ಸೇರಿದಾಗ ತೆಮೆಯಕ್ಕನಿಗೆ ಐವತ್ತು ದಾಟಿತ್ತು. ದಲ್ಮಾತಿಯಾ ಎಂಬ ದೂರದ ನಾಡಿನ ಗುಡ್ಡಗಾಡಿನವಳು. ಯುದ್ಧದಲ್ಲಿ ಸೆರೆಸಿಕ್ಕು ದಾಸಿಯಾಗಿ ಬಂದು, ಎಷ್ಟೋ ವರ್ಷಗಳ ಮೇಲೆ ಬಿಡುಗಡೆಯಾದವಳು. ಕೊಳೆ ಬಿಡಲೆಂದು ಮೂತ್ರ ಬೆರೆಸಿದ ನೀರಿನ ತೊಟ್ಟಿಯಲ್ಲಿ ನಿಂತು, ಧಣಿಗಳು ಮೈಗೆ ಹೊದೆಯುವ ಟೋಗಾ ತುಳಿಯುತ್ತ ತನ್ನ ಊರಿನ ಸುದ್ದಿ ಹೇಳುತ್ತಿದ್ದಳು: ಹೊಗೆಗೆ ಕಟ್ಟಿದ ಕುರಿಮಾಂಸ, ಮೊದಲ ಹಿಮ, ನಮ್ಮ ರೋಮಿನ ಸೈನ್ಯಕ್ಕೆ ಎದುರು ನಿಂತು ಸತ್ತ ಅಣ್ಣ ವೆರ್ಜೋ.

ಒಂದು ಮಧ್ಯಾಹ್ನ ಇತಿಹಾಸ ಬರೆಯುವ ವಿಬೆನ್ನಿಯಸ್‌ನ ಮನೆಗೆ ಇಬ್ಬರೂ ಬಟ್ಟೆ ಒಯ್ದೆವು. ಅವನು ಅಂಗಳದಲ್ಲಿ ಗೆಳೆಯರಿಗೆ ಹೊಸ ಪುಸ್ತಕ ಓದುತ್ತಿದ್ದ. "ಆಗ ವೆರ್ಜೋ ಬಂಡೆಯೇರಿ ತನ್ನವರಿಗೆ ಹೇಳಿದ..."

ತೆಮೆಯಕ್ಕ ನನ್ನ ತೋಳು ಹಿಡಿದಳು.

ಪುಸ್ತಕದ ವೆರ್ಜೋ ಅಚ್ಚ ಲ್ಯಾಟಿನ್ನಿನಲ್ಲಿ ರೋಮಿನ ದುರಾಸೆಯನ್ನು ಜಾಡಿಸಿದ. ನಮ್ಮ ತಪ್ಪುಗಳನ್ನು ನಮಗಿಂತ ಚೆನ್ನಾಗಿ ಬಲ್ಲವನಂತೆ ಮಾತಾಡಿದ. ಕೇಳುತ್ತಿದ್ದವರ ಕಣ್ಣುಗಳು ಒದ್ದೆಯಾದವು. ಓದು ನಿಂತದ್ದೇ ಅಕ್ಕ ಮುಂದೆ ಹೋದಳು.

"ಧಣೀ, ವೆರ್ಜೋ ನಮ್ಮಣ್ಣ. ನಾ ಅಲ್ಲೇ ಇದ್ದೆ. ಅವನಿಗೆ ತೊದಲು. ಇಷ್ಟೆಲ್ಲ ಎಲ್ಲಿ ಮಾತಾಡ್ತಾನೆ!"

"ಮತ್ತೇನಂದ?"

"'ಉ... ಉಂಡ್ರಾ ಎಲ್ಲಾ? ಹೆಂಗಸ್ರು ಮಕ್ಳು ಗುಡ್ಡ ಹತ್ತೋವರ್ಗೂ ದಾ... ದಾರಿ ಬಿಡ್ಬೇಡಿ.' ಅಷ್ಟೇ."

ಯಾರೋ ಕಿಸಕ್ಕೆಂದರು. ವಿಬೆನ್ನಿಯಸ್ ನಗಲಿಲ್ಲ.

"ಅದನ್ನ ಬರೆದ್ರೆ ಯಾರಮ್ಮ ಓದ್ತಾರೆ? ವೈರಿ ಚಿಕ್ಕೋನಾದ್ರೆ ನಮ್ಮ ಗೆಲುವೂ ಚಿಕ್ಕದಾಗುತ್ತೆ. ನಾನವನನ್ನ ದೊಡ್ಡೋನು ಮಾಡಿದೀನಿ."

"ಅವನು ದೊಡ್ಡೋನೇ ಇದ್ದ ಧಣೀ. ಅವತ್ತು ಮುನ್ನೂರು ಜನ ಗುಡ್ಡ ಹತ್ತಿ ಬದುಕಿದ್ವಿ. ಆಮೇಲೆ ಸಿಕ್ಕಿಬಿದ್ದಿದ್ದು ಬೇರೆ ಮಾತು."

ಅವನು ಒಂದು ಸಾಲೂ ತಿದ್ದಲಿಲ್ಲ. ಪುಸ್ತಕ ಹೆಸರು ಮಾಡಿತು. ಹೆಂಡದಂಗಡಿಯಲ್ಲೂ ಕುಡುಕರು ವೆರ್ಜೋನ ಭಾಷಣ ಒಪ್ಪಿಸತೊಡಗಿದರು.

ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅಕ್ಕ ತುಳಿಯುವುದನ್ನು ನಿಲ್ಲಿಸಿದಳು. "ಹಿಲಾರಾ, ಅಣ್ಣನ್ನ ನೆನೆಸ್ಕೊಂಡ್ರೆ ಈಗ ಲ್ಯಾಟಿನ್ನೇ ಕೇಳುತ್ತೆ ಕಣೇ. ತೊದಲೇ ಇಲ್ಲ." ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಿಮ್ಮ ಭಾಷೇಲೇ ಹೇಳಕ್ಕಾ. ಅವನು ಹೇಳಿದ ಹಾಗೇ."

ಮೂರು ಸಲ ತಡವರಿಸಿದಳು. ನಾಲ್ಕನೆಯ ಸಲ ಅವಳ ಮುಖವೇ ಬೇರೆಯಾಯಿತು. "ಹ್ಞಾ, ಇದೇ!" ಎಂದು ನಕ್ಕಳು. ಆ ಚಳಿಗಾಲವೆಲ್ಲ ನನಗೂ ಅದನ್ನು ಕಲಿಸಿದಳು. ನನ್ನ ನಾಲಿಗೆ ಹೊರಳದಿದ್ದಾಗ, "ಅಣ್ಣ ನಿನ್ನನ್ನ ಕುರಿ ಕಾಯೋಕೂ ಕರ್ಕೊಳ್ತಿರ್ಲಿಲ್ಲ!" ಎಂದು ಬೈಯುತ್ತಿದ್ದಳು.

ಅವಳು ತೀರಿಹೋಗಿ ಒಂಬತ್ತು ವರ್ಷವಾಯಿತು. ಆ ಬೈಗುಳ ಕೇಳಬೇಕೆನಿಸುತ್ತದೆ.