ಮುನಿರಾಮಯ್ಯನವರು ನೇರ ಮಾಡಿದ ವೈರು

ಸೊಟ್ಟಗಿರುವ ಯಾವುದನ್ನು ಕಂಡರೂ ಮುನಿರಾಮಯ್ಯನವರಿಗೆ ಆಗುತ್ತಿರಲಿಲ್ಲ. ಬಸವೇಶ್ವರನಗರದ ಅವರ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ನಾನು ಏಳು ವರ್ಷ ಬಾಡಿಗೆಗಿದ್ದೆ. ನನ್ನ ಸ್ಕೂಟರು ಕಾಂಪೌಂಡಿನಲ್ಲಿ ಸ್ವಲ್ಪ ಓರೆಯಾಗಿ ನಿಂತಿದ್ದರೂ ಸಾಕು, ನನ್ನನ್ನು ಕರೆಯದೆ ತಾವೇ ನೇರ ಮಾಡಿ ಹೋಗುತ್ತಿದ್ದರು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವರು. ರಿಟೈರ್ ಆದಮೇಲೆ ನೇರ ಮಾಡಲು ಕಬ್ಬಿಣ ಸಿಗದೆ ಬಾಡಿಗೆದಾರರನ್ನು ಹಿಡಿದುಕೊಂಡಿದ್ದಾರೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಆದರೂ ಅವರ ಮೇಲೆ ನನಗೆ ಪ್ರೀತಿ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವುದೆಲ್ಲ ದೂರಿನ ಹಾಗೆ ಕೇಳಿಸೀತು.

ಅವರಿಗೆ ಕಲಾ ಒಬ್ಬಳೇ ಮಗಳು. ಮೂರನೇ ವಯಸ್ಸಿನಲ್ಲಿ ಪೋಲಿಯೋ ಬಂದು ಎಡಗಾಲಿಗೆ ಆಸರೆಯಾಗಿ ಕಬ್ಬಿಣದ ಪಟ್ಟಿಗಳ ಕ್ಯಾಲಿಪರ್ ಬಿದ್ದಿತ್ತು. ಬಿ.ಕಾಂ. ಮುಗಿಸಿ ಎರಡು ಆಫೀಸುಗಳಿಗೆ ಸೇರಿದಳು, ಎರಡನ್ನೂ ಬಿಟ್ಟಳು. ಕೆಲಸ ಅವಳಿಗೆ ಎಂದೂ ಭಾರವಾಗಲಿಲ್ಲ. ಹತ್ತುವ ಮೊದಲೇ ಹೊರಡುವ ಬಸ್ಸು, ಇಳಿಯುವಾಗ ಹಿಂದಿನಿಂದ ತಳ್ಳುವ ಜನ, ಎಲ್ಲಕ್ಕಿಂತ ಹೆಚ್ಚಾಗಿ ಅವಳು ನಡೆಯುವುದನ್ನೇ ನೋಡುವ ಕಣ್ಣುಗಳು, ಇವು ಅವಳಿಗೆ ಸಾಕಾಗಿದ್ದವು. 2007ರ ಸಂಕ್ರಾಂತಿಯ ಹೊತ್ತಿಗೆ ಮನೆಯಲ್ಲೇ ಕೂತು ಮಾಡುವ ಕೆಲಸ ಸಿಕ್ಕಿತು. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಕೇಳಿ, ಟೈಪ್ ಮಾಡಿ, ಮಧ್ಯಾಹ್ನ ಎರಡರೊಳಗೆ ವಾಪಸ್ ಕಳಿಸಬೇಕು. ಆ ಕೆಲಸದಲ್ಲಿ ಅವಳ ಕಾಲಿನ ವಿಷಯ ಯಾರೂ ಕೇಳಲಿಲ್ಲ. ಮೊದಲ ತಿಂಗಳು ಅವಳ ಮುಖದಲ್ಲಿದ್ದ ಕಳೆಯನ್ನು ನಾನು ಆ ಮನೆಯಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ.

ಇಂಟರ್ನೆಟ್ ಹಾಕಿಕೊಟ್ಟವನು ಕೇಬಲ್ ಆಫೀಸಿನ ಅಮರೇಶ. ಲಿಂಗಸುಗೂರಿನ ಕಡೆಯವನು, ಹೆಂಡತಿ ಮಕ್ಕಳೊಂದಿಗೆ ಗೋವಿಂದರಾಜನಗರದಲ್ಲಿ ಒಂದು ಕೋಣೆ ಹಿಡಿದಿದ್ದ. ಪಕ್ಕದ ಕಟ್ಟಡದಿಂದ ನಮ್ಮ ಟೆರೇಸಿಗೆ ವೈರು ಎಳೆದು, ಅಲ್ಲಿಂದ ಗೋಡೆಗುಂಟ ಇಳಿಸಿ, ಮುಂಬಾಗಿಲಿನ ಚೌಕಟ್ಟಿನ ಮೇಲೆ ಹಾಯಿಸಿ ಒಳಗೆ ತಂದ. ಹತ್ತು ಹನ್ನೆರಡು ಮೀಟರು ವೈರು ಹೆಚ್ಚಾಗಿ ಉಳಿದದ್ದನ್ನು ಕತ್ತರಿಸದೆ, ಹೇಗೆ ಬಂತೋ ಹಾಗೆ ಸುತ್ತಿ ಟೆರೇಸಿನ ಮೂಲೆಯಲ್ಲಿ ನೇತುಹಾಕಿದ. ಆ ಗೋಜಲು ಮುನಿರಾಮಯ್ಯನವರ ಕಣ್ಣಿಗೆ ಅವತ್ತೇ ಚುಚ್ಚಿರಬೇಕು.

ಮಾರ್ಚಿನಲ್ಲಿ ಯುಗಾದಿಗೆ ಮನೆಗೆ ಸುಣ್ಣ ಬಳಿಸಿದರು. ಬಾಗಿಲಿನ ಚೌಕಟ್ಟಿಗೆ ಕಂದು ಬಣ್ಣವನ್ನು ಮುನಿರಾಮಯ್ಯನವರು ತಾವೇ ಬಳಿದರು, ಅಸಹ್ಯವಾಗಿ ಕಾಣುತ್ತದೆಂದು ಚೌಕಟ್ಟಿನ ಮೇಲಿನ ವೈರಿಗೂ ಬಳಿದರು. ಹಬ್ಬದ ದಿನ ಸ್ಟೂಲು ಹತ್ತಿ, ಮೊಳೆ ಹೊಡೆದು ಮಾವಿನ ತೋರಣ ಕಟ್ಟಿದರು. ಅದಾದ ವಾರದಿಂದ ಇಂಟರ್ನೆಟ್ಟಿಗೆ ಏನೋ ಬಂತು.

ಏನು ಬಂತು ಎಂದು ಯಾರಿಗೂ ತಿಳಿಯಲಿಲ್ಲ. ಪೂರ್ತಿ ಹೋಗಿದ್ದರೆ ಒಂದು ಲೆಕ್ಕ. ಬೆಳಗ್ಗೆ ಚೆನ್ನಾಗಿರುತ್ತಿತ್ತು. ಮಧ್ಯಾಹ್ನವಾಗುತ್ತಲೇ ಕುಂಟಲು ಶುರು. ಫೈಲು ಮುಕ್ಕಾಲು ಭಾಗ ಹೋಗಿ ನಿಲ್ಲುವುದು, ಮತ್ತೆ ಹೊರಡುವುದು, ಮತ್ತೆ ನಿಲ್ಲುವುದು. ಭಾನುವಾರ ಮಧ್ಯಾಹ್ನ ಕಲಾ ಸುಮ್ಮನೆ ಪರೀಕ್ಷಿಸಿದರೆ ಸರಾಗವಾಗಿ ಓಡುತ್ತಿತ್ತು, ಸೋಮವಾರ ಮಧ್ಯಾಹ್ನ ಮತ್ತೆ ಅದೇ ಕಥೆ. ಅಮರೇಶ ಬೆಳಗ್ಗೆ ಬಂದು ಎರಡೂ ತುದಿಗೆ ಟೆಸ್ಟರ್ ಸಿಕ್ಕಿಸಿದರೆ ದೀಪಗಳೆಲ್ಲ ಹತ್ತುತ್ತಿದ್ದವು. ಅವನು ತಲೆ ಕೆರೆದುಕೊಂಡು ಹೋಗುತ್ತಿದ್ದ, ಹೋದಮೇಲೆ ನಾವು ಕೆರೆದುಕೊಳ್ಳುತ್ತಿದ್ದೆವು.

ಮುನಿರಾಮಯ್ಯನವರು ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲವನ್ನೂ ಬರೆದಿಡತೊಡಗಿದರು. ಬಿಸಿಲು, ಮೋಡ, ಕರೆಂಟು, ಗಾಳಿಯ ದಿಕ್ಕು. ಬಿಸಿಲಿಗೆ ವೈರು ಉದ್ದವಾಗುತ್ತದೆ ಎಂದು ಒಂದು ವಾರ ನಂಬಿದರು, ಒದ್ದೆ ಗೋಣಿಚೀಲ ಹೊದಿಸಿದರು. ಮೋಡದ ದಿನವೂ ಅದೇ ಆದಾಗ ಆ ನಂಬಿಕೆ ಬಿಟ್ಟರು. ಕೊನೆಗೆ ಅವರ ಕಣ್ಣು ಮೂಲೆಯ ಸುರುಳಿಯ ಮೇಲೆ ನಿಂತಿತು.

"ಪೈಪು ಸೊಟ್ಟ ಆದ್ರೆ ನೀರು ಸರಿಯಾಗಿ ಬರುತ್ತೇನಪ್ಪಾ?" ಎಂದು ಅಮರೇಶನನ್ನು ಕೇಳಿದರು.

"ಇದು ನೀರಲ್ರಿ ಸಾಹೇಬ್ರ. ವೈರು ಸುತ್ತಿದ್ರ ಏನೂ ಆಗಂಗಿಲ್ಲ. ಒಳಗ ಕಡದಿದ್ರ ಆಗ್ತದ. ಇರ್ಲಿ ಬಿಡ್ರಿ, ಮುಂದ ಬೇಕಾಗ್ತದ."

ಆ ಉತ್ತರ ಅವರ ತಲೆಗೆ ಹೋಗಲಿಲ್ಲ. ನನಗೂ ಹೋಗಲಿಲ್ಲ, ಆದರೆ ನಾನು ಸುಮ್ಮನಿದ್ದೆ. ಅವರು ಸುಮ್ಮನಿರುವ ಪೈಕಿಯಲ್ಲ. ಸುರುಳಿಯನ್ನು ಬಿಚ್ಚಿ, ಟೆರೇಸಿನ ಈ ತುದಿಯಿಂದ ಆ ತುದಿಗೆ ದಾರ ಹಿಡಿದು ನೋಡಿ, ವೈರನ್ನು ಸಾಲಾಗಿ ಮಲಗಿಸಿ ಇಟ್ಟಿಗೆ ಹೇರಿದರು. ಅಡ್ಡ ಬಂತೆಂದು ನಮ್ಮ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿಸಿದರು. ನನ್ನ ಹೆಂಡತಿ ಮೂರು ತಿಂಗಳು ಒದ್ದೆ ಬಟ್ಟೆಯನ್ನು ಅಡುಗೆಮನೆಯಲ್ಲಿ ಒಣಗಿಸಿದಳು. ನಾನು ಆಫೀಸಿಗೆ ಒಗ್ಗರಣೆ ವಾಸನೆಯ ಅಂಗಿ ಹಾಕಿಕೊಂಡು ಹೋದೆ. ಇಷ್ಟಾಗಿ, ನೇರವಾದ ವೈರಿನಲ್ಲೂ ಫೈಲು ಮುಕ್ಕಾಲಿಗೇ ನಿಂತಿತು.

ಜೂನಿನಲ್ಲಿ ಕಂಪನಿಯವರು ಕಲಾಗೆ ಬರೆದರು. ಇನ್ನು ಮೂರು ಸಲ ತಡವಾದರೆ ಮನೆಯಿಂದ ಕೆಲಸ ಇಲ್ಲ, ಕೋರಮಂಗಲದ ಆಫೀಸಿಗೇ ಬಂದು ಮಾಡಬೇಕು. ಕೋರಮಂಗಲವೆಂದರೆ ಹೋಗುತ್ತಾ ಎರಡು ಬಸ್ಸು, ಬರುತ್ತಾ ಎರಡು. ಅವಳು ಅಪ್ಪನ ಮುಂದೆ ಅಳಲಿಲ್ಲ. ಕಾಗದವನ್ನು ಕೀಬೋರ್ಡಿನ ಕೆಳಗಿಟ್ಟು, ಬೀದಿಯ ಸದ್ದು ಕೇಳಿಸದಿರಲೆಂದು ಎಂದಿನಂತೆ ಮುಂಬಾಗಿಲು ಮುಚ್ಚಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.

ಜುಲೈನಲ್ಲಿ ಒಂದು ಸಲ ತಡವಾಯಿತು, ಆಗಸ್ಟಿನಲ್ಲಿ ಇನ್ನೊಂದು ಸಲ. ಎರಡನೆಯ ಸಲ ಮುನಿರಾಮಯ್ಯನವರು ಅಮರೇಶನನ್ನು ಬೀದಿಯಲ್ಲೇ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದರು. ಕೆಲಸ ಬಾರದವನು, ಕಳಪೆ ವೈರು ಹಾಕಿ ನನ್ನ ಮಗಳ ಅನ್ನಕ್ಕೆ ಕಲ್ಲು ಹಾಕಿದವನು ಎಂದರು. ಇನ್ನು ಮೇಲೆ ಗೇಟು ದಾಟಬೇಡ ಎಂದರು. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ಅವನು ಏಣಿಯನ್ನು ಹೆಗಲ ಮೇಲಿಟ್ಟುಕೊಂಡು ಹೋದ. ನಾನು ನಡುವೆ ಬಾಯಿ ಹಾಕಬೇಕಿತ್ತು, ಹಾಕಲಿಲ್ಲ. ನನಗೂ ಅವನದೇ ತಪ್ಪೇನೋ ಅನ್ನಿಸಿತ್ತು.

ಗೌರಿ ಹಬ್ಬ ಬಂತು. ಅಮೆರಿಕದ ಡಾಕ್ಟರಿಗೆ ಗೌರಿಯೂ ಇಲ್ಲ, ಗಣೇಶನೂ ಇಲ್ಲ. ಅವತ್ತೂ ಎರಡು ಗಂಟೆಗೆ ಫೈಲು ಹೋಗಬೇಕಿತ್ತು, ಕಲಾ ಬೆಳಗ್ಗೆಯೇ ಕೂತಿದ್ದಳು. ಯುಗಾದಿಯ ತೋರಣವನ್ನು ಗೌರಿ ಹಬ್ಬಕ್ಕೆ ತೆಗೆದು ಹೊಸದು ಕಟ್ಟುವುದು ಆ ಮನೆಯ ಪದ್ಧತಿ. ಹತ್ತು ಗಂಟೆಗೆ ಮುನಿರಾಮಯ್ಯನವರು ಸ್ಟೂಲು ಹತ್ತಿದರು, ಕೆಳಗೆ ಹಸಿ ಮಾವಿನೆಲೆ ಹಿಡಿದು ನಾನು ನಿಂತಿದ್ದೆ. ಒಣಗಿದ ಎಲೆಗಳು ಕೈ ಮುಟ್ಟಿದರೆ ಪುಡಿಯಾಗುತ್ತಿದ್ದವು. ನಡುವಿನ ಮೊಳೆ ಸಡಿಲವಾಗಿದೆ, ಬೇರೆ ಹೊಡೆಯುತ್ತೇನೆ ಎಂದು ಅವರು ಇಕ್ಕಳದಲ್ಲಿ ಅದನ್ನು ಎಳೆದರು.

ಮೊಳೆಯ ಜೊತೆ ಕೂದಲಿನಂಥ ತಾಮ್ರದ ಎಳೆ ಬಂತು. ಒಳಗಿನಿಂದ ಕಲಾ, ನೆಟ್ ಪೂರ್ತಿ ಹೋಯಿತು ಎಂದು ಕೂಗಿದಳು.

ಯುಗಾದಿಗೆ ಅವರೇ ಹೊಡೆದ ಮೊಳೆ, ಕಂದು ಬಣ್ಣದಡಿ ಕಾಣದ ವೈರಿನೊಳಗೆ ಇಳಿದಿತ್ತು. ಫಿಟ್ಟರಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಸ್ಟೂಲಿನ ಮೇಲೆ ನಿಂತೇ ಇದ್ದರು. ನಾನು ಕೈ ಹಿಡಿದು ಇಳಿಸಿದೆ. "ಹೊಡೆದ ದಿನವೇ ಸಾಯ್ಬೇಕಿತ್ತಲ್ಲ ಇದು," ಎಂದು ನನ್ನನ್ನೇ ಕೇಳಿದರು. "ಅರ್ಧ ದಿನ ಹೆಂಗೆ ಓಡ್ತಿತ್ತು?" ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದು, ಅಮರೇಶನ ಮನೆಗೆ ಹೋಗೋಣ, ಸ್ಕೂಟರ್ ತೆಗೀರಿ ಎಂದರು.

ಗೋವಿಂದರಾಜನಗರದಲ್ಲಿ ಮೂರು ಬೀದಿ ವಿಚಾರಿಸಿ ಅವನ ಕೋಣೆ ಹುಡುಕಿದೆವು. ಅವನು ಬಾಗಿಲಲ್ಲಿ ಕೂತು ಮಗಳಿಗೆ ತಲೆ ಬಾಚುತ್ತಿದ್ದ. ಮುನಿರಾಮಯ್ಯನವರು ಕ್ಷಮಿಸು ಎನ್ನಲಿಲ್ಲ, ಆ ಮಾತು ಅವರ ಬಾಯಿಗೆ ಬರುವಂಥದ್ದಲ್ಲ. ಮುಷ್ಟಿ ಬಿಚ್ಚಿ ತೋರಿಸಿದರು. ಅವನು ಮೊಳೆಯನ್ನು ನೋಡಿದ, ಇವರ ಮುಖವನ್ನು ನೋಡಿದ, ಎದ್ದು ಚಪ್ಪಲಿ ಮೆಟ್ಟಿಕೊಂಡ.

ಮನೆ ತಲುಪಿದಾಗ ಹನ್ನೆರಡೂವರೆ. ಹಬ್ಬಕ್ಕೆ ಕೇಬಲ್ ಆಫೀಸು ಬಂದ್, ಅಂಗಡಿಗಳೂ ಬಂದ್, ಹೊಸ ವೈರು ಎಲ್ಲಿಂದ ತರುವುದು ಎಂದು ನಾನು ಕೇಳಿದೆ. ಅಮರೇಶ ಟೆರೇಸಿಗೆ ಹತ್ತಿ ಇಟ್ಟಿಗೆಗಳನ್ನು ಸರಿಸಿದ. ಮುನಿರಾಮಯ್ಯನವರು ಬಿಚ್ಚಿ ನೇರ ಮಾಡಿದ್ದ ಹನ್ನೆರಡು ಮೀಟರೂ ಅಲ್ಲೇ ಇತ್ತಲ್ಲ. ಅದನ್ನು ಕೆಳಕ್ಕೆ ಇಳಿಸಿ, ಕಡಿದ ಭಾಗವನ್ನು ಕತ್ತರಿಸಿ ಬಿಸಾಡಿ, ಬಾಗಿಲಿನ ಸಹವಾಸವೇ ಬೇಡವೆಂದು ಕಿಟಕಿಯಿಂದ ಒಳಗೆ ತಂದ. ತುದಿಗೆ ಕನೆಕ್ಟರ್ ಹಾಕುತ್ತಾ, ಎಳೆ ಪೂರ್ತಿ ತುಂಡಾಗಿರಲಿಲ್ಲ, ತಾಗಿಕೊಂಡಿತ್ತು, ಬಾಗಿಲು ಮುಚ್ಚಿದಾಗಲೆಲ್ಲ ಚೌಕಟ್ಟು ಅದುರಿ ಎಳೆ ಬಿಟ್ಟುಕೊಳ್ಳುತ್ತಿತ್ತು ಎಂದು ಕಲಾಗೆ ಕೇಳಿಸದಂತೆ ನಮಗೆ ಮೆಲ್ಲಗೆ ವಿವರಿಸಿದ. ಬೆಳಗ್ಗೆ, ಭಾನುವಾರ, ನಮ್ಮ ಮನೆಗಳ ಬಾಗಿಲು ತೆರೆದೇ ಇರುತ್ತದೆ, ಕಲಾ ಕೆಲಸಕ್ಕೆ ಕೂತ ಮಧ್ಯಾಹ್ನ ಮಾತ್ರ ಮುಚ್ಚುತ್ತಿತ್ತು. ಆರು ತಿಂಗಳ ಕ್ಯಾಲೆಂಡರಿನಲ್ಲಿ ಗಾಳಿಯ ದಿಕ್ಕಿತ್ತು, ಬಾಗಿಲಿನ ವಿಷಯ ಮಾತ್ರ ಇರಲಿಲ್ಲ.

ಒಂದೂಮುಕ್ಕಾಲಿಗೆ ಫೈಲು ಹೊರಟಿತು. ಏನಾಗಿತ್ತು ಎಂದು ಕಲಾ ಕೇಳಿದಳು.

ಅಮರೇಶ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕುತ್ತಾ, ಅವಳ ಮುಖ ನೋಡದೆ, "ಇಲಿ ಕಡದಿತ್ರಿ ಅಕ್ಕಾ," ಎಂದ.

ಮುನಿರಾಮಯ್ಯನವರು ಮೊಳೆಯನ್ನು ತಂದು ಅವಳ ಕೀಬೋರ್ಡಿನ ಪಕ್ಕದಲ್ಲಿಟ್ಟರು. "ಇಲಿ ಅಲ್ಲ ಕಣಮ್ಮ. ನಾನು."

ಕಲಾ ಮೊಳೆಯನ್ನು ನೋಡಿದಳು, ತಲೆಯೆತ್ತಿ ಬಾಗಿಲಿನ ಚೌಕಟ್ಟನ್ನು ನೋಡಿದಳು. ಎದ್ದು, ಕ್ಯಾಲಿಪರಿನ ಸದ್ದಿನೊಂದಿಗೆ ಬಾಗಿಲಿನವರೆಗೆ ನಡೆದು, ಅದನ್ನು ಜೋರಾಗಿ ಮುಚ್ಚಿದಳು. ನಾವು ನಾಲ್ವರೂ ತಿರುಗಿ ಸ್ಕ್ರೀನ್ ನೋಡಿದೆವು. ಮುಕ್ಕಾಲು ದಾಟಿ, ತೊಂಬತ್ತು ದಾಟಿ, ಫೈಲು ಪೂರ್ತಿ ಹೋಯಿತು.

"ಅಪ್ಪಾ, ಅಮರೇಶ್ ಅವ್ರಿಗೆ ಎಲೆ ಹಾಕು," ಎಂದಳು. "ಅವ್ರು ಊಟ ಮಾಡ್ದೆ ಬಂದಿದಾರೆ."

ಮುನಿರಾಮಯ್ಯನವರು ಎಲೆ ಹಾಕಿದರು. ಅದು ಸ್ವಲ್ಪ ಓರೆಯಾಗಿ ಬಿದ್ದಿತ್ತು, ಅವರು ಅದನ್ನು ಹಾಗೆಯೇ ಬಿಟ್ಟರು.